ಕೆಳಗೆ ಕಡಲು, ಮೇಲೆ ಘಟ್ಟ: ಕರಾವಳಿ–ಮಲೆನಾಡನ್ನು ಬೈಕಿನಲ್ಲಿ ಒಬ್ಬರೇ ಸುತ್ತುವುದು ಹೇಗೆ

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿಲೋಮೀಟರ್. ಬೆಳಿಗ್ಗೆ ಬೇಗ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಕಾರವಾರ ಸೇರಬಹುದು. ತುಂಬ ಜನ ಮಾಡುವುದೂ ಇದನ್ನೇ. ಆಮೇಲೆ ಕರಾವಳಿ ನೋಡಿ ಬಂದೆ ಅನ್ನುತ್ತಾರೆ. ನಿಜವಾಗಿ ನೋಡಿದ್ದು ಡಿವೈಡರನ್ನು, ಲಾರಿಗಳ ಹಿಂಭಾಗವನ್ನು. ಹೆದ್ದಾರಿಯಿಂದ ಕಡಲು ಕಾಣುವ ಜಾಗ ಬಹಳ ಕಡಿಮೆ.

ಹಾಗಾಗಿ ಮೊದಲ ಕೆಲಸ, ಈ ಪ್ರವಾಸವನ್ನು ‘ಮಂಗಳೂರು–ಕಾರವಾರ’ ಅಂತ ಯೋಚಿಸುವುದನ್ನು ಬಿಡುವುದು. ಬದಲಿಗೆ ಒಂದು ಏಣಿ ಅಂದುಕೊಳ್ಳಿ. ಏಣಿಯ ಒಂದು ಗಳ ಕೆಳಗಿನ ಕರಾವಳಿ ರಸ್ತೆ. ಇನ್ನೊಂದು ಗಳ ಘಟ್ಟದ ಮೇಲಿನ ದಾರಿ: ಮೂಡಿಗೆರೆ, ಶೃಂಗೇರಿ, ತೀರ್ಥಹಳ್ಳಿ, ಸಾಗರ, ಸಿರ್ಸಿ, ಯಲ್ಲಾಪುರ. ಎರಡಕ್ಕೂ ನಡುವೆ ಇರುವ ಮೆಟ್ಟಿಲುಗಳೇ ಘಟ್ಟಗಳು. ದಕ್ಷಿಣದಿಂದ ಲೆಕ್ಕ ಹಾಕಿದರೆ ಶಿರಾಡಿ, ಚಾರ್ಮಾಡಿ, ಕುದುರೆಮುಖದ ದಾರಿ, ಆಗುಂಬೆ, ಬಾಳೆಬರೆ, ಕೊಲ್ಲೂರು, ಗೇರುಸೊಪ್ಪೆ, ದೇವಿಮನೆ, ಅರಬೈಲು, ಅಣಶಿ. ಒಂದು ಮೆಟ್ಟಿಲಲ್ಲಿ ಹತ್ತಿ, ಮೇಲಿನ ದಾರಿಯಲ್ಲಿ ವಾಪಸ್ ಬಂದು, ಇನ್ನೊಂದರಲ್ಲಿ ಇಳಿಯಬೇಕು. ಇಷ್ಟೇ ಪ್ಲ್ಯಾನ್.

ಈ ಏಣಿಯ ಗುಣ ಏನೆಂದರೆ, ಎಲ್ಲಿ ಬೇಕಾದರೂ ಮೊಟಕು ಮಾಡಬಹುದು. ಮಳೆ ಬಂತು, ಬೈಕ್ ಕೈಕೊಟ್ಟಿತು, ಸುಮ್ನೆ ಬೇಜಾರಾಯಿತು ಅಂದರೆ ಹತ್ತಿರದ ಮೆಟ್ಟಿಲು ಹಿಡಿದು ತಿರುಗಿಬಿಡಬಹುದು. ಒಬ್ಬರೇ ಹೋಗುವವರಿಗೆ ಈ ಅನುಕೂಲ ಬಹಳ ಮುಖ್ಯ.

ಎಲ್ಲ ಘಟ್ಟವೂ ಒಂದೇ ಥರ ಇಲ್ಲ. ಶಿರಾಡಿ ಬೆಂಗಳೂರು–ಮಂಗಳೂರು ಲಾರಿಗಳ ದಾರಿ. ಅರಬೈಲು ಹುಬ್ಬಳ್ಳಿ–ಅಂಕೋಲಾ ಲಾರಿಗಳ ದಾರಿ. ಬೈಕಿಗೆ ಇವೆರಡರಲ್ಲೂ ಸುಖ ಇಲ್ಲ. ಬೆಂಗಳೂರಿನಿಂದ ಬರುವವರು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದು ಬರುವುದೇ ಚೆಂದ. ನಾನು ಇಲ್ಲಿ ಹೇಳುವ ಸುತ್ತು ಇದು: ಮಂಗಳೂರಿನಿಂದ ಗೋಕರ್ಣದವರೆಗೆ ಕೆಳಗೆ, ದೇವಿಮನೆಯಲ್ಲಿ ಹತ್ತಿ ಸಿರ್ಸಿ, ಅಲ್ಲಿಂದ ಜೋಗ, ಸಾಗರ, ತೀರ್ಥಹಳ್ಳಿ, ಆಗುಂಬೆ ಇಳಿದು ಕಾರ್ಕಳದ ಮೇಲೆ ಮತ್ತೆ ಮಂಗಳೂರು. ಒಳದಾರಿಗಳೆಲ್ಲ ಸೇರಿ ಏಳುನೂರು ಕಿಲೋಮೀಟರ್ ಆಸುಪಾಸು. ಆರು ದಿನ ಇದ್ದರೆ ಆರಾಮ. ನಾಲ್ಕು ದಿನ ಮಾತ್ರ ಇದ್ದರೆ ಹೊನ್ನಾವರದಲ್ಲೇ ತಿರುಗಿ, ಗೇರುಸೊಪ್ಪೆ ಘಟ್ಟ ಹತ್ತಿ ನೇರ ಜೋಗಕ್ಕೆ ಹೋಗಿ.

ಕಡಲು ಎಡಗಡೆ ಇರಲಿ

ಕೆಳಗಿನ ದಾರಿಯಲ್ಲಿ ದಕ್ಷಿಣದಿಂದ ಉತ್ತರಕ್ಕೇ ಹೋಗಿ, ಉಲ್ಟಾ ಬೇಡ. ನಾವು ಓಡಿಸುವುದು ರಸ್ತೆಯ ಎಡಕ್ಕೆ. ಉತ್ತರಕ್ಕೆ ಮುಖ ಮಾಡಿದರೆ ಕಡಲೂ ಎಡಕ್ಕೇ ಇರುತ್ತದೆ. ಬೀಚಿನ ಒಳದಾರಿ ಕಂಡ ಕೂಡಲೇ ತಿರುಗಬಹುದು. ದಕ್ಷಿಣಕ್ಕೆ ಹೋಗುವಾಗ ಪ್ರತಿ ಸಲವೂ ಡಿವೈಡರ್ ತೆರೆದಿರುವ ಜಾಗ ಹುಡುಕಿ, ಎದುರಿನ ಬಸ್ಸು ಲಾರಿಗಳನ್ನು ದಾಟಿ ಆ ಕಡೆ ಹೋಗಬೇಕು. ಈ ಹೆದ್ದಾರಿಯಲ್ಲಿ ಅಪಾಯ ಜಾಸ್ತಿ ಇರುವುದು ಈ ಕ್ರಾಸಿಂಗ್‌ಗಳಲ್ಲೇ.

ಬಿಸಿಲಿನ ಲೆಕ್ಕವೂ ಹೊಂದುತ್ತದೆ. ಆಗುಂಬೆಯನ್ನು ಬೆಳಿಗ್ಗೆ ಇಳಿದರೆ ಸೂರ್ಯ ಬೆನ್ನಿಗೆ ಇರುತ್ತಾನೆ. ಅದೇ ಘಟ್ಟವನ್ನು ಸಂಜೆ ಇಳಿದರೆ ತಿರುವು ತಿರುವಿಗೂ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ.

ಯಾವಾಗ ಹೊರಡಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ. ನನ್ನನ್ನು ಕೇಳಿದರೆ ನವೆಂಬರ್. ಘಟ್ಟದಲ್ಲಿ ಹಸಿರು ಇನ್ನೂ ಆರಿರುವುದಿಲ್ಲ, ತೊರೆಗಳಲ್ಲಿ ನೀರಿರುತ್ತದೆ, ಯಕ್ಷಗಾನ ಮೇಳಗಳು ತಿರುಗಾಟ ಶುರು ಮಾಡಿರುತ್ತವೆ. ಮಾರ್ಚ್ ದಾಟಿದರೆ ಕೆಳಗೆ ಸೆಕೆ. ಜಾಕೆಟ್ ಹಾಕಿಕೊಂಡು ಹೆಲ್ಮೆಟ್‌ನೊಳಗೆ ಬೇಯುವುದು ಬೇಡ.

ಮಳೆಗಾಲದಲ್ಲಿ ಹೋಗಬೇಕು ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಆಗುಂಬೆಯ ಸರಾಸರಿ ಮಳೆ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನೋಡಲು ಚೆಂದ, ಓಡಿಸಲು ಅಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಪಕ್ಕದಲ್ಲಿ ನಿಂತಿದ್ದ ವಾಹನಗಳು, ಚಹಾ ಅಂಗಡಿ ಎಲ್ಲ ಗಂಗಾವಳಿ ಹೊಳೆಗೆ ಹೋದವು. ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದ ಜಾಗಗಳು ಈ ದಾರಿಯುದ್ದಕ್ಕೂ ಇವೆ. ಮಳೆ ಬರುವಾಗ ಇಂಥ ಗುಡ್ಡದ ಬುಡದಲ್ಲಿ ರೈನ್‌ಕೋಟ್ ಹಾಕಿಕೊಳ್ಳಲು ಕೂಡ ನಿಲ್ಲಬೇಡಿ. ಒದ್ದೆಯಾದರೂ ಪರವಾಗಿಲ್ಲ, ಬಯಲು ಜಾಗ ಸಿಗುವವರೆಗೆ ಮುಂದೆ ಹೋಗಿ.

ಇನ್ನೊಂದು ವಿಷಯ, ಮೀನು ತಿನ್ನುವವರಿಗೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ. ಆಗ ಹೋಟೆಲಿನಲ್ಲಿ ಅಂಜಲ್ ಸಿಕ್ಕರೂ ಅದು ತಾಜಾ ಅಂತ ನಂಬಬೇಡಿ.

ಬೈಕ್

ದೊಡ್ಡ ಬೈಕ್ ಬೇಕಿಲ್ಲ. 125 ಸಿಸಿಯ ಗಾಡಿ ಈ ಸುತ್ತಿಗೆ ಧಾರಾಳ ಸಾಕು. ಘಟ್ಟದಲ್ಲಿ ಯಾರೂ ನಲವತ್ತರ ಮೇಲೆ ಹೋಗುವುದಿಲ್ಲ, ಹೋಗಲೂ ಬಾರದು. ದಿನಾ ಓಡಿಸುವ ಗಾಡಿಯಾದರೆ ಅದರ ಸದ್ದು ಬದಲಾದರೆ ನಿಮಗೇ ಗೊತ್ತಾಗುತ್ತದೆ. ಬಾಡಿಗೆ ಬೈಕಿಗೆ ಆ ಅನುಕೂಲ ಇಲ್ಲ.

ಸರ್ವೀಸ್ ಮಾಡಿಸಿ ಮಾರನೇ ದಿನವೇ ಹೊರಡಬೇಡಿ. ವಾರ ಮೊದಲೇ ಮಾಡಿಸಿ, ಮೂರ್ನಾಲ್ಕು ದಿನ ಊರಲ್ಲೇ ಓಡಿಸಿ. ಸಡಿಲ ಬಿಟ್ಟ ನಟ್ಟು, ಸೋರುವ ಎಣ್ಣೆ ಇದ್ದರೆ ಆಗಲೇ ತಿಳಿಯುತ್ತದೆ. ಹಿಂದಿನ ಟಯರ್ ಸವೆದಿದ್ದರೆ ಬದಲಿಸಿ. ಬ್ರೇಕ್ ಪ್ಯಾಡ್ ಅಥವಾ ಶೂ ಅರ್ಧಕ್ಕಿಂತ ಕಡಿಮೆ ಇದ್ದರೆ ಹೊಸದು ಹಾಕಿಸಿ. ಇನ್ನೂ ಸಾವಿರ ಕಿಲೋಮೀಟರ್ ಬರುತ್ತದೆ ಅಂತ ಮೆಕ್ಯಾನಿಕ್ ಹೇಳುವುದು ಊರ ರಸ್ತೆಯ ಲೆಕ್ಕದಲ್ಲಿ. ಕ್ಲಚ್ ಕೇಬಲ್ ಒಂದು ಹೊಸದು ಕೊಂಡು ಹಳೆಯದರ ಪಕ್ಕದಲ್ಲೇ ಟೇಪಿನಿಂದ ಸುತ್ತಿಸಿಡಿ. ತುಂಡಾದರೆ ರಸ್ತೆ ಬದಿಯಲ್ಲೇ ಕೊಂಡಿ ಬದಲಿಸಬಹುದು. ಟ್ಯೂಬ್‌ಲೆಸ್ ಟಯರಿಗೆ ಪಂಚರ್ ಕಿಟ್, ಟ್ಯೂಬ್ ಇರುವ ಟಯರಿಗೆ ಹೊಸ ಟ್ಯೂಬ್, ಎರಡಕ್ಕೂ ಚಿಕ್ಕ ಪಂಪ್. ಚಕ್ರ ಬಿಚ್ಚುವ ಸ್ಪ್ಯಾನರ್ ನಿಮ್ಮ ಬೈಕಿನ ಕಿಟ್‌ನಲ್ಲಿ ನಿಜಕ್ಕೂ ಇದೆಯಾ ಅಂತ ಈಗಲೇ ತೆಗೆದು ನೋಡಿ.

ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಪತ್ರ ಡಿಜಿಲಾಕರ್‌ನಲ್ಲಿ ಇಟ್ಟರೆ ಸಾಕು. ಆದರೂ ನೆಟ್‌ವರ್ಕ್ ಇಲ್ಲದ ಚೆಕ್‌ಪೋಸ್ಟಿನಲ್ಲಿ ಜೆರಾಕ್ಸ್ ಪ್ರತಿ ಮಾತುಕತೆಯನ್ನು ಚಿಕ್ಕದು ಮಾಡುತ್ತದೆ. ಹೆಲ್ಮೆಟ್ ಐಎಸ್‌ಐ ಗುರುತಿನದು, ಪೂರ್ತಿ ಮುಖ ಮುಚ್ಚುವಂಥದ್ದೇ ಇರಲಿ.

ಸಾಮಾನು

ಒಂದೇ ಚೀಲ. ಅದನ್ನು ಹಿಂದಿನ ಸೀಟಿನ ಮೇಲೆ, ನಿಮ್ಮ ಬೆನ್ನಿಗೆ ತಾಗುವ ಹಾಗೆ ಕಟ್ಟಿ. ಭಾರ ಹಿಂದಕ್ಕೆ ಹೋದಷ್ಟೂ ಘಟ್ಟ ಹತ್ತುವಾಗ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲುತ್ತದೆ. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಓಡಿಸಬೇಡಿ. ಎರಡನೇ ದಿನಕ್ಕೇ ಭುಜ ಮಾತಾಡುತ್ತದೆ.

ಬಟ್ಟೆ ಮೂರು ಜೊತೆ ಸಾಕು, ಆದರೆ ಕರಾವಳಿಯಲ್ಲಿ ಒಗೆದದ್ದು ರಾತ್ರಿಯೊಳಗೆ ಒಣಗುವುದಿಲ್ಲ. ತೆಳು ಬಟ್ಟೆ ಇಟ್ಟುಕೊಳ್ಳಿ. ಚಳಿಗೆ ಒಂದು ಸ್ವೆಟರ್ ಬೇಕು. ಡಿಸೆಂಬರ್ ಬೆಳಿಗ್ಗೆ ಸಿರ್ಸಿ, ಆಗುಂಬೆಯಲ್ಲಿ ಬೈಕ್ ಮೇಲೆ ಬೆರಳು ಮರಗಟ್ಟುತ್ತವೆ. ಬೂಟಿನ ಜೊತೆಗೆ ಒಂದು ಜೊತೆ ಚಪ್ಪಲಿ ಇರಲಿ. ದಾರಿಯಲ್ಲಿ ಇರುವುದೇ ದೇವಸ್ಥಾನ, ಬಸದಿ, ಮರಳು. ಪ್ರತಿ ಸಲ ಲೇಸ್ ಬಿಚ್ಚಿ ಕಟ್ಟುವುದು ಬೇಸರ. ಎಲ್ಲವನ್ನೂ ಪ್ಲಾಸ್ಟಿಕ್ ಕವರ್‌ನೊಳಗೆ ಹಾಕಿಯೇ ಚೀಲಕ್ಕೆ ತುಂಬಿ. ಚೀಲ ವಾಟರ್‌ಪ್ರೂಫ್ ಅಂತ ಬರೆದಿರುವುದು ಮಲೆನಾಡಿನ ಮಳೆಯನ್ನು ನೋಡಿ ಬರೆದದ್ದಲ್ಲ.

ಒಬ್ಬರೇ ಅಂದಮೇಲೆ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ಬೈಕಿನ ವಿಷಯ ಯಾರಾದರೂ ಹೇಳುತ್ತಾರೆ, ಇದನ್ನು ಕಡಿಮೆ ಜನ ಹೇಳುತ್ತಾರೆ.

ಮನೆಯಲ್ಲಿ ಅಥವಾ ಸ್ನೇಹಿತರಲ್ಲಿ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ದಿನಕ್ಕೆ ಮೂರು ಮೆಸೇಜ್: ಹೊರಟಾಗ, ಘಟ್ಟಕ್ಕೆ ಮೊದಲು, ರೂಮ್ ಸೇರಿದ ಮೇಲೆ. ಘಟ್ಟದ ಮೆಸೇಜ್‌ನಲ್ಲಿ ‘ಈಗ ದೇವಿಮನೆ ಹತ್ತುತ್ತಿದ್ದೇನೆ, ಒಂದು ಗಂಟೆಯೊಳಗೆ ಸಿರ್ಸಿ’ ಅಂತ ಸ್ಪಷ್ಟವಾಗಿ ಬರೆಯಿರಿ. ಗೇರುಸೊಪ್ಪೆ, ಆಗುಂಬೆ, ಅಣಶಿ ಕಾಡುಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಜಾಗ ತುಂಬ ಇದೆ. ನೀವು ಎಲ್ಲಿದ್ದೀರಿ ಅನ್ನುವುದು ಆ ಒಬ್ಬರಿಗಾದರೂ ಗೊತ್ತಿರಬೇಕು. ಮ್ಯಾಪನ್ನು ಆಫ್‌ಲೈನ್ ಇಳಿಸಿಟ್ಟುಕೊಳ್ಳಿ. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033. ಇವನ್ನು ಫೋನ್‌ನಲ್ಲಷ್ಟೇ ಅಲ್ಲ, ನಿಮ್ಮ ರಕ್ತದ ಗುಂಪು ಮತ್ತು ಮನೆಯ ನಂಬರ್ ಜೊತೆ ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿಡಿ. ಫೋನ್ ಲಾಕ್ ಆಗಿದ್ದರೆ ಬೇರೆಯವರಿಗೆ ಚೀಟಿಯೇ ಗತಿ.

ರೂಮ್ ವಿಷಯ. ಕೆಲವು ಲಾಡ್ಜ್‌ಗಳಲ್ಲಿ ಒಬ್ಬರಿಗೆ ರೂಮ್ ಕೊಡಲು ಹಿಂದೆಮುಂದೆ ನೋಡುತ್ತಾರೆ. ಕೌಂಟರಿನಲ್ಲಿ ‘ಒಬ್ರೇನಾ?’ ಅಂತ ಕೇಳಿ, ಮೇಲಿಂದ ಕೆಳಗೆ ನೋಡಿ, ಫುಲ್ ಅಂದುಬಿಡುತ್ತಾರೆ. ಜಗಳ ಆಡಿ ಪ್ರಯೋಜನ ಇಲ್ಲ. ಮಧ್ಯಾಹ್ನವೇ ಫೋನ್ ಮಾಡಿ, ಬೈಕಿನಲ್ಲಿ ಒಬ್ಬರೇ ಬರುತ್ತಿದ್ದೀರಿ, ಐದರೊಳಗೆ ತಲುಪುತ್ತೀರಿ, ಆಧಾರ್ ಇದೆ ಅಂತ ಹೇಳಿ ಖಾತ್ರಿ ಮಾಡಿಕೊಳ್ಳಿ. ಬೆಳಕಿದ್ದಾಗ ಬಂದವರಿಗೂ ರಾತ್ರಿ ಒಂಬತ್ತಕ್ಕೆ ಬಂದವರಿಗೂ ಸಿಗುವ ಮರ್ಯಾದೆ ಬೇರೆ ಬೇರೆ. ಘಟ್ಟದ ಮೇಲೆ ಹೋಂಸ್ಟೇಗಳೇ ವಾಸಿ. ಮನೆಯವರ ಜೊತೆ ಊಟ, ಗಾಡಿ ಅಂಗಳದಲ್ಲಿ. ಹೆಣ್ಣುಮಕ್ಕಳು ಒಬ್ಬರೇ ಹೋಗುವಾಗಂತೂ ಮನೆಯವರೇ ನಡೆಸುವ ಹೋಂಸ್ಟೇ ಹುಡುಕಿ, ಮೊದಲೇ ಆ ಮನೆಯ ಅಮ್ಮನ ಹತ್ತಿರ ಫೋನ್‌ನಲ್ಲಿ ಮಾತಾಡಿಬಿಡಿ. ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ.

ಚಹಾ ಅಂಗಡಿಗಳಲ್ಲಿ ಮಾತಿಗೆ ಸಿಗುವವರು ಬಹಳ. ‘ಒಬ್ರೇ ಬಂದದ್ದಾ? ಎಂತಕ್ಕೆ ಮಾರಾಯ್ರೆ?’ ಅನ್ನುವ ಪ್ರಶ್ನೆಗೆ ಒಂದು ಉತ್ತರ ರೆಡಿ ಇಟ್ಟುಕೊಳ್ಳಿ. ಬಹುಪಾಲು ಬರೀ ಪ್ರೀತಿಯ ಕುತೂಹಲ ಅದು. ಮುಂದಿನ ರಸ್ತೆ ಹೇಗಿದೆ ಅನ್ನುವುದು ಇವರಷ್ಟು ಸರಿಯಾಗಿ ಯಾವ ಮ್ಯಾಪಿಗೂ ಗೊತ್ತಿಲ್ಲ. ಆದರೆ ರಾತ್ರಿ ಎಲ್ಲಿ ಉಳಿಯುತ್ತೀರಿ ಅಂತ ಕೇಳಿದರೆ, ಮುಂದಿನ ಊರಲ್ಲಿ ಸ್ನೇಹಿತರು ಕಾಯುತ್ತಿದ್ದಾರೆ ಅನ್ನಿ. ಸಣ್ಣ ಸುಳ್ಳು, ಯಾರಿಗೂ ನಷ್ಟ ಇಲ್ಲ.

ಕಡಲಿಗೆ ಮೊಣಕಾಲಿನ ಮೇಲೆ ಇಳಿಯಬೇಡಿ. ಎಳೆದುಕೊಂಡು ಹೋದರೆ ಕೂಗಲು ದಡದಲ್ಲಿ ನಿಮ್ಮವರು ಯಾರೂ ಇಲ್ಲ. ಮೇಲಾಗಿ ಬೈಕಿನ ಕೀ, ಫೋನ್, ಪರ್ಸ್ ಯಾರ ಹತ್ತಿರ ಬಿಡುತ್ತೀರಿ?

ಕೆಳಗಿನ ದಾರಿ

ದಿನಕ್ಕೆ 120–150 ಕಿಲೋಮೀಟರ್, ಅಷ್ಟೇ. ಮೊದಲ ದಿನ ಮಂಗಳೂರಿನಿಂದ ಮರವಂತೆ ಕಡೆಗೆ. ಬೆಳಿಗ್ಗೆ ಆರೂವರೆಗೆ ಹೊರಟು ಸುರತ್ಕಲ್ ದಾಟಿಬಿಡಿ. ಮಂಗಳೂರು–ಉಡುಪಿ ನಡುವೆ ಎಕ್ಸ್‌ಪ್ರೆಸ್ ಬಸ್ಸುಗಳ ಓಟ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಹೇಳಬೇಕಿಲ್ಲ. ಹಿಂದಿನಿಂದ ಹಾರ್ನ್ ಕೇಳಿದರೆ ಎಡಕ್ಕೆ ಸರಿದು ಬಿಟ್ಟುಕೊಡಿ, ಹಠ ಬೇಡ.

ಇನ್ನೊಂದು ಅಪಾಯ ಮೀನಿನ ಲಾರಿ. ಐಸು ಕರಗಿ, ಮೀನಿನ ನೀರು ಲಾರಿಯ ಹಿಂಬದಿಯಿಂದ ಸಣ್ಣಗೆ ಸುರಿಯುತ್ತಾ ಹೋಗುತ್ತದೆ. ಟಾರಿನ ಮೇಲೆ ಕಪ್ಪು ಗೆರೆಯ ಹಾಗೆ ಕಾಣುತ್ತದೆ. ಬರೀ ನೀರಲ್ಲ, ಜಿಡ್ಡು. ಅದರ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ವಾಸನೆ ಬಂದ ಕೂಡಲೇ ವೇಗ ಇಳಿಸಿ, ಗೆರೆ ಎಲ್ಲಿದೆ ನೋಡಿ, ಅದನ್ನು ಬಿಟ್ಟು ಪಕ್ಕದಲ್ಲಿ ಹೋಗಿ. ಸರ್ಕಲ್‌ಗಳಲ್ಲಿ, ಹಂಪ್‌ಗಳ ಹತ್ತಿರ ಲಾರಿ ಕುಲುಕಿ ಜಾಸ್ತಿ ಚೆಲ್ಲಿರುತ್ತದೆ. ವೈಸರ್‌ಗೆ ಹಾರಿದರೆ ಆ ದಿನವಿಡೀ ನಿಮ್ಮ ಜೊತೆಗೇ ಬರುತ್ತದೆ.

ಪಡುಬಿದ್ರಿ ದಾಟಿ ಕಾಪುವಿನಲ್ಲಿ ಹೆದ್ದಾರಿ ಬಿಡಿ. ಅಲ್ಲಿನ ಲೈಟ್‌ಹೌಸ್ 1901ರದು, ಬಂಡೆಯ ಮೇಲೆ ನಿಂತಿದೆ. ಅಲ್ಲಿಂದ ಮಟ್ಟು ಕಡೆಗೆ ಕಡಲ ಪಕ್ಕದ ಚಿಕ್ಕ ರಸ್ತೆ ಹಿಡಿಯಿರಿ. ಮಟ್ಟುಗುಳ್ಳ ಬದನೆಯ ಊರು ಅದು. ಹೆದ್ದಾರಿಯಲ್ಲಿ ಸಿಗದ ಕರಾವಳಿ ಇಲ್ಲಿದೆ: ಒಂದು ಕಡೆ ಅಲೆ, ಒಂದು ಕಡೆ ಗದ್ದೆ, ನಡುವೆ ಒಂದೇ ಕಾರು ಹಿಡಿಸುವಷ್ಟು ಟಾರು. ಮಲ್ಪೆಯ ಉತ್ತರಕ್ಕೆ ಕೋಡಿಬೆಂಗ್ರೆಗೂ ಹೋಗಿ ಬನ್ನಿ. ಹೊಳೆಗೂ ಕಡಲಿಗೂ ನಡುವಿನ ಕಿರಿದಾದ ಪಟ್ಟಿಯ ಮೇಲೆ ರಸ್ತೆ ಓಡಿ, ಹೊಳೆ ಸಮುದ್ರ ಸೇರುವಲ್ಲಿ ಮುಗಿದುಬಿಡುತ್ತದೆ. ಎಷ್ಟೇ ಆಸೆಯಾದರೂ ಬೈಕನ್ನು ಮರಳಿಗೆ ಇಳಿಸಬೇಡಿ. ಹೂತ ಬೈಕನ್ನು ಒಬ್ಬರೇ ಎತ್ತಲಾಗದು, ಬೀಚಿನ ಮೇಲೆ ಗಾಡಿ ಓಡಿಸಲು ಅನುಮತಿಯೂ ಇಲ್ಲ.

ಮರವಂತೆಯಲ್ಲಿ ಮಾತ್ರ ಹೆದ್ದಾರಿಯೇ ದರ್ಶನ ಕೊಡುತ್ತದೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ. ಇಲ್ಲಿ ಎಲ್ಲರೂ ಮಾಡುವ ಕೆಲಸ, ನೋಡುತ್ತಾ ಓಡಿಸುವುದು. ಗಾಳಿಗೆ ಮರಳು ರಸ್ತೆಗೆ ಬಂದಿರುತ್ತದೆ, ಮುಂದಿನ ಕಾರು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಮೊದಲು ನಿಲ್ಲಿಸಿ, ಆಮೇಲೆ ನೋಡಿ.

ಎರಡನೇ ದಿನ ಬೈಂದೂರಿನ ಒತ್ತಿನೆಣೆ, ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ. ಮುರ್ಡೇಶ್ವರದ ಶಿವ 123 ಅಡಿ, ಗೋಪುರ 237 ಅಡಿ. ಹೆದ್ದಾರಿಯಿಂದಲೇ ತಲೆ ಕಾಣುತ್ತದೆ. ಶನಿವಾರ ಭಾನುವಾರವಾದರೆ ಅಷ್ಟಕ್ಕೇ ಕೈಮುಗಿದು ಮುಂದೆ ಹೋಗಿ, ಆ ಗಂಟೆಯನ್ನು ಹೊನ್ನಾವರದ ಹತ್ತಿರದ ಅಪ್ಸರಕೊಂಡ ಜಲಪಾತಕ್ಕೆ ಇಡಿ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುತ್ತದೆ. ಶರಾವತಿಯಂಥ ದೊಡ್ಡ ಸೇತುವೆಗಳ ಮೇಲೆ ಎಡದಿಂದ ತಳ್ಳುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಬೈಕ್ ಇನ್ನೂ ಅಲುಗುತ್ತದೆ. ಕೈ ಸಡಿಲ ಬಿಟ್ಟು, ಮೊಣಕಾಲಿನಲ್ಲಿ ಟ್ಯಾಂಕ್ ಒತ್ತಿ ಹಿಡಿಯಿರಿ.

ಕುಮಟಾದಿಂದ ಗೋಕರ್ಣಕ್ಕೆ ಎರಡು ದಾರಿ. ಮಿರ್ಜಾನ್ ಕೋಟೆ ನೋಡಬೇಕಾದರೆ ಹೆದ್ದಾರಿಯಲ್ಲೇ ಹೋಗಿ ಮಾದನಗೇರಿಯಲ್ಲಿ ಎಡಕ್ಕೆ ತಿರುಗಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ ಅದು. ಚಿರೆಕಲ್ಲಿನ ಗೋಡೆಗಳ ಮೇಲೆ ನವೆಂಬರ್‌ನಲ್ಲೂ ಪಾಚಿ ಹಸಿರಾಗಿರುತ್ತದೆ. ಕೋಟೆ ಬೇಡ ಅಂದರೆ ಅಘನಾಶಿನಿ ಊರಿಗೆ ಹೋಗಿ, ದೋಣಿಯಲ್ಲಿ ಬೈಕ್ ಸಮೇತ ಹೊಳೆ ದಾಟಿ ತದಡಿಗೆ ಇಳಿಯಿರಿ. ಹತ್ತಿಸುವಾಗ ಎಂಜಿನ್ ಆಫ್ ಮಾಡಿ, ಕೆಳಗಿಳಿದು ತಳ್ಳಿ. ದೋಣಿಯವರು ಒಂದು ಕೈ ಹಾಕುತ್ತಾರೆ. ಒಳಗೆ ಗೇರಿನಲ್ಲಿ ನಿಲ್ಲಿಸಿ, ಸೈಡ್ ಸ್ಟ್ಯಾಂಡ್ ನಂಬದೆ ನೀವೇ ಹಿಡಿದುಕೊಂಡು ನಿಲ್ಲಿ. ದೋಣಿ ಯಾವ ಹೊತ್ತಿಗೆ ಬಿಡುತ್ತದೆ ಅಂತ ಕುಮಟಾದಲ್ಲೇ ವಿಚಾರಿಸಿ.

ಗೋಕರ್ಣದಲ್ಲಿ ಎರಡು ರಾತ್ರಿ ಉಳಿಯಿರಿ. ನಡುವಿನ ದಿನ ಬೈಕ್ ಮುಟ್ಟಬೇಡಿ. ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲೆ ನಡೆದೇ ಹೋಗಬಹುದು.

ಊಟ: ನೀರುದೋಸೆ, ಗೋಳಿಬಜೆ, ಬನ್ಸ್ ಉಡುಪಿವರೆಗೆ. ಕುಂದಾಪುರದಲ್ಲಿ ಕೋಳಿ ತಿನ್ನುವವರು ತಿನ್ನಿ. ಹೊನ್ನಾವರ ದಾಟಿದ ಮೇಲೆ ಮೀನಿನ ಸಾರಿನ ರುಚಿಯೇ ಬೇರೆಯಾಗುತ್ತದೆ. ಬಿಸಿಲಿಗೆ ಕೋಲಾ ಬೇಡ, ಪುನರ್ಪುಳಿ ಶರಬತ್ತು ಕೇಳಿ. ಉತ್ತರ ಕನ್ನಡದಲ್ಲಿ ಅದನ್ನೇ ಮುರುಗಲು ಅನ್ನುತ್ತಾರೆ.

ಘಟ್ಟ

ಹತ್ತುವ ಮೊದಲು ಮೂರು ಕೆಲಸ. ಕೆಳಗಿನ ಊರಲ್ಲೇ ಟ್ಯಾಂಕ್ ತುಂಬಿಸಿ. ಅರ್ಧ ಇದೆ, ಸಾಕು ಅಂತ ಹೊರಡಬೇಡಿ. ರಸ್ತೆ ತೆರೆದಿದೆಯಾ ಅಂತ ಬಸ್ ಸ್ಟ್ಯಾಂಡಿನಲ್ಲಿ ಮೇಲಿಂದ ಬಂದ ಡ್ರೈವರನ್ನು ಕೇಳಿ. ಕುಮಟಾ–ಸಿರ್ಸಿ ರಸ್ತೆಯಲ್ಲಿ ಅಗಲೀಕರಣದ ಕೆಲಸ ವರ್ಷಗಟ್ಟಲೆ ನಡೆದಿದೆ, ನಡುನಡುವೆ ಸಂಚಾರ ನಿಲ್ಲಿಸಿದ್ದೂ ಇದೆ. ಮುಚ್ಚಿದ್ದರೆ ಹೊನ್ನಾವರಕ್ಕೆ ಹಿಂತಿರುಗಿ ಗೇರುಸೊಪ್ಪೆ ಹಿಡಿಯಿರಿ. ಮೂರನೆಯದು ಹೊತ್ತು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ ಹತ್ತಿ. ಅದಕ್ಕೆ ಮೊದಲು ಮೇಲೆ ಮಂಜು. ಸಂಜೆಯಾದರೆ ಕಾಡಿನಲ್ಲಿ ಐದೂವರೆಗೇ ಕತ್ತಲು.

ಹೇರ್‌ಪಿನ್ ತಿರುವಿನಲ್ಲಿ ಏನಾಗುತ್ತದೆ ಅಂತ ಹತ್ತಿರದಿಂದ ನೋಡೋಣ. ನೀವು ಆಗುಂಬೆ ಇಳಿಯುತ್ತಿದ್ದೀರಿ ಅಂದುಕೊಳ್ಳಿ. 14 ತಿರುವುಗಳು. ಕೆಳಗಿನಿಂದ ಬಸ್ ಬರುತ್ತಿದೆ. ಒಂದೇ ಸಲಕ್ಕೆ ತಿರುಗಲು ಡ್ರೈವರ್‌ಗೆ ರಸ್ತೆಯ ಪೂರ್ತಿ ಅಗಲ ಬೇಕು. ಮೂತಿ ಹೊರ ಅಂಚಿಗೆ ಬರುತ್ತದೆ, ಹಿಂದಿನ ಚಕ್ರ ಒಳ ಅಂಚನ್ನು ಸವರಿಕೊಂಡು ಹೋಗುತ್ತದೆ. ಆ ಹೊತ್ತಿಗೆ ನೀವು ತಿರುವಿನೊಳಗೆ ಇದ್ದರೆ ನಿಮಗೆ ಜಾಗವೇ ಇಲ್ಲ. ಹಾಗಾಗಿ ತಿರುವಿಗೆ ಇಪ್ಪತ್ತು ಮೀಟರ್ ಮೊದಲೇ ಹಾರ್ನ್ ಹಾಕಿ, ಉತ್ತರಕ್ಕೆ ಕಾಯಿರಿ. ಕೆಳಗಿನ ರಸ್ತೆ ಮರಗಳ ನಡುವೆ ಕಾಣುತ್ತಿದ್ದರೆ ಮೊದಲೇ ಇಣುಕಿ ನೋಡಿ. ದೊಡ್ಡ ಗಾಡಿ ಇದ್ದರೆ ತಿರುವಿಗೆ ಇಳಿಯದೆ, ಅದಕ್ಕೆ ಮೊದಲೇ ಎಡಕ್ಕೆ ನಿಂತುಬಿಡಿ. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ನಿಯಮವೂ ಹೌದು.

ಇಳಿಯುವಾಗ ಎಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸುವ ಜಾಣತನ ಬೇಡವೇ ಬೇಡ. ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ, ಬಹುಪಾಲು ಎರಡನೆಯದು. ಎಂಜಿನ್ನೇ ಗಾಡಿಯನ್ನು ಹಿಡಿದಿಡಲಿ. ಬ್ರೇಕನ್ನು ಒತ್ತಿಯೇ ಇಟ್ಟರೆ ಕಾದು ಹಿಡಿತ ಬಿಡುತ್ತದೆ. ತಿರುವಿಗೆ ಮೊದಲು ನೇರ ರಸ್ತೆಯಲ್ಲೇ ಬ್ರೇಕ್ ಮುಗಿಸಿ. ತಿರುವಿನಲ್ಲಿ ಬಾಗಿದ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ. ರಸ್ತೆಯ ಅಂಚಿನಲ್ಲಿ ಪಾಚಿ, ಒದ್ದೆ ಎಲೆ, ಜಲ್ಲಿ ಇರುತ್ತದೆ. ನಿಮ್ಮ ಲೇನಿನ ನಡುವಿನಲ್ಲೇ ಇರಿ.

ಮಂಗಗಳಿಗೆ ತಿಂಡಿ ಹಾಕಬೇಡಿ. ಹಾಕುವವರಿಂದಾಗಿಯೇ ಅವು ತಿರುವಿನಲ್ಲಿ ಬಂದು ಕೂರುವುದು. ಸೀಟಿಗೆ ಕಟ್ಟಿದ ಚೀಲದ ಜಿಪ್ ತೆಗೆಯುವುದೂ ಅವಕ್ಕೆ ಗೊತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ದಾರಿ ಆರಿಸಿಕೊಂಡರೆ ಸಂಜೆಗೆ ಮೊದಲು ಗೇಟ್ ದಾಟಿರಬೇಕು, ನಡುವೆ ನಿಲ್ಲುವ ಹಾಗಿಲ್ಲ. ಕಾಟಿ, ಅಂದರೆ ಕಾಡುಕೋಣ, ರಸ್ತೆಗೆ ಬಂದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹಾಕದೆ ಕಾಯಿರಿ. ಫೋಟೋಗೆ ಹತ್ತಿರ ಹೋಗಬೇಡಿ.

ಮೇಲಿನ ದಾರಿ

ಸಿರ್ಸಿ ತಲುಪಿದ ಮೇಲೆ ರಸ್ತೆಯ ಸ್ವಭಾವವೇ ಬದಲಾಗುತ್ತದೆ. ಗಾಡಿ ಕಡಿಮೆ, ಅಡಿಕೆ ತೋಟ, ತಂಪು. ಇಲ್ಲಿ ವೇಗ ತನ್ನಿಂದ ತಾನೇ ಏರುತ್ತದೆ, ಎಚ್ಚರ. ಕೊಯ್ಲಿನ ಕಾಲದಲ್ಲಿ ರಸ್ತೆ ಅಂಚಿನಲ್ಲಿ ಅಡಿಕೆ, ಭತ್ತ ಒಣಗಿಸಿರುತ್ತಾರೆ. ತಿರುವಿನ ಆಚೆ ದನ ಮಲಗಿರುತ್ತದೆ. ಒಂದು ಅರ್ಧ ದಿನ ಬನವಾಸಿಯ ಮಧುಕೇಶ್ವರನಿಗೆ ಕೊಡಿ. ಕದಂಬರ ರಾಜಧಾನಿ ಈಗ ವರದಾ ದಡದ ಸುಮ್ಮನೆ ಊರು.

ಸಿದ್ದಾಪುರದ ಮೇಲೆ ಜೋಗಕ್ಕೆ ಬನ್ನಿ. ಶರಾವತಿ ಇಲ್ಲಿ 253 ಮೀಟರ್ ಬೀಳುತ್ತದೆ. ಆದರೆ ಚಿತ್ರದಲ್ಲಿ ನೋಡಿದ ಜೋಗ ಮಳೆಗಾಲದ್ದು. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ಜನವರಿಯಲ್ಲಿ ಜೋಗದ ರಾಜ, ರಾಣಿ ಧಾರೆಗಳೆರಡೂ ದಾರದಷ್ಟು ಸಣ್ಣ. ಬೇಸರ ಮಾಡಿಕೊಳ್ಳಬೇಡಿ, ಆಗ ಬಂಡೆ ಪೂರ್ತಿ ಕಾಣುತ್ತದೆ. ಸಾಗರದಲ್ಲಿ ಉಳಿದರೆ ಇಕ್ಕೇರಿ, ಕೆಳದಿ ಎರಡೂ ಹತ್ತಿರ. ಸಿಗಂದೂರಿಗೆ ಹೋಗುವವರಿಗೆ ಮೊದಲು ಲಾಂಚ್ ಕಾಯುವ ಕೆಲಸ ಇತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಹಿನ್ನೀರಿನ ಮೇಲೆ ನೇರವಾಗಿ ಬೈಕಿನಲ್ಲೇ ಹೋಗಬಹುದು. ಅಲ್ಲಿಂದ ಕೊಲ್ಲೂರಿನ ಕಡೆಗೂ ದಾರಿ ಇದೆ. ಸುತ್ತನ್ನು ಮೊಟಕು ಮಾಡುವವರಿಗೆ ಒಳ್ಳೆಯ ಮೆಟ್ಟಿಲು.

ಸಾಗರದಿಂದ ಹೊಸನಗರ, ನಗರ, ತೀರ್ಥಹಳ್ಳಿ. ನಗರದ ಕೋಟೆ ರಸ್ತೆ ಪಕ್ಕದಲ್ಲೇ ಇದೆ. ಕವಲೇದುರ್ಗಕ್ಕೆ ಗದ್ದೆ ದಾಟಿ ಕಲ್ಲುದಾರಿಯಲ್ಲಿ ನಡೆಯಬೇಕು, ಬೈಕಿನ ಚೀಲವನ್ನು ಕೆಳಗಿನ ಮನೆಯವರಲ್ಲಿ ಕೇಳಿ ಇಟ್ಟು ಹೋಗಿ. ಕುಪ್ಪಳಿಯ ಕವಿಮನೆ ತೀರ್ಥಹಳ್ಳಿಯಿಂದ ಕೊಪ್ಪದ ದಾರಿಯಲ್ಲಿ. ಆಗುಂಬೆಗೆ ಹೋಗುವಾಗ ಗುಡ್ಡೇಕೇರಿಯಿಂದ ಕುಂದಾದ್ರಿಗೆ ರಸ್ತೆ ಇದೆ. ಕೊನೆಯ ಏರು ಬಹಳ ಕಡಿದು, ಮೊದಲನೇ ಗೇರ್ ಬೇಕಾಗುತ್ತದೆ. ನೆಲ ಒದ್ದೆ ಇದ್ದರೆ ಕೆಳಗೇ ನಿಲ್ಲಿಸಿ ನಡೆಯಿರಿ. ಒಬ್ಬರೇ ಇರುವಾಗ ಅಲ್ಲಿ ಬೈಕ್ ಹಿಂದಕ್ಕೆ ಜಾರಿದರೆ ಹಿಡಿಯಲು ಇನ್ನೊಬ್ಬರು ಇಲ್ಲ.

ಆಗುಂಬೆಯಲ್ಲಿ ರಾತ್ರಿ ಉಳಿದು, ಮಂಜು ಕರಗಿದ ಮೇಲೆ ಇಳಿಯಿರಿ. ಸೋಮೇಶ್ವರ, ಹೆಬ್ರಿ ದಾಟಿ ವರಂಗಕ್ಕೆ. ಕೆರೆಯ ನಡುವಿನ ಬಸದಿಗೆ ಚಿಕ್ಕ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಕಾರ್ಕಳದ ಗೊಮ್ಮಟ 1432ರದು, 42 ಅಡಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಅದಕ್ಕಿಂತ ಎರಡು ವರ್ಷ ಹಳೆಯದು. ಎರಡನ್ನೂ ನೋಡಿ ಮಂಗಳೂರು ಸೇರುವಾಗ ಆಫೀಸ್ ಬಿಡುವ ಹೊತ್ತು ತಪ್ಪಿಸಿ. ಸುಸ್ತಾಗಿರುತ್ತೀರಿ, ಮನೆ ಬಂತು ಅಂತ ಗಮನವೂ ಸಡಿಲ ಆಗಿರುತ್ತದೆ.

ದಿನಾ ಸಂಜೆ, ಮತ್ತು ವಾಪಸಾದ ಮೇಲೆ

ಕರಾವಳಿಯಲ್ಲಿ ಸಂಜೆಯ ಹೊತ್ತಿಗೆ ವೈಸರ್ ಮೇಲೆ ತೆಳುವಾಗಿ ಉಪ್ಪು ಕೂತಿರುತ್ತದೆ. ಎದುರಿನ ಲೈಟ್ ಬಿದ್ದರೆ ಇಡೀ ಗಾಜು ಬೆಳ್ಳಗಾಗುತ್ತದೆ. ಒಣ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ನೀರು ಸುರಿದು, ಒದ್ದೆ ಬಟ್ಟೆ ಒಂದೆರಡು ನಿಮಿಷ ಮುಚ್ಚಿಟ್ಟು, ಆಮೇಲೆ ಮೆಲ್ಲಗೆ ಒರೆಸಿ. ಚೈನ್ ಬಿಸಿ ಇರುವಾಗಲೇ ಎಣ್ಣೆ ಬಿಡಿ, ಒಳಗೆ ಇಳಿಯುತ್ತದೆ. ಟಯರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ನೋಡಿ.

ವಾಪಸ್ ಬಂದ ಮಾರನೇ ದಿನವೇ ಬೈಕ್ ತೊಳೆಸಿ, ವಾರಾಂತ್ಯಕ್ಕೆ ಬಿಡಬೇಡಿ. ಉಪ್ಪು ಮತ್ತು ಕೆಂಪು ಮಣ್ಣು ಮಡ್‌ಗಾರ್ಡಿನ ಒಳಗೆ, ಸ್ಟ್ಯಾಂಡಿನ ಸ್ಪ್ರಿಂಗ್‌ನಲ್ಲಿ, ಸೈಲೆನ್ಸರ್ ಕೊಂಡಿಗಳಲ್ಲಿ ಅಂಟಿರುತ್ತದೆ. ಅಲ್ಲಿಂದಲೇ ತುಕ್ಕು ಶುರು. ಕೆಳಗಡೆಗೆ ಚೆನ್ನಾಗಿ ನೀರು ಹೊಡೆಸಿ, ಆದರೆ ಚಕ್ರದ ಬೇರಿಂಗ್ ಮೇಲೆ ನೇರವಾಗಿ ಪ್ರೆಷರ್ ಹಿಡಿಯಬೇಡಿ ಅಂತ ತೊಳೆಯುವವರಿಗೆ ಹೇಳಿ. ಒಣಗಿದ ಮೇಲೆ ಚೈನ್ ಬಿಗಿ, ಬ್ರೇಕ್ ಪ್ಯಾಡ್ ಇನ್ನೊಮ್ಮೆ ನೋಡಿಸಿ. ಘಟ್ಟದಲ್ಲಿ ಅವು ಎಷ್ಟು ಸವೆದಿವೆ ಅನ್ನುವುದು ಆಗ ತಿಳಿಯುತ್ತದೆ.